ಉಪಗ್ರಹ ಚಿತ್ರ ಹಿಡಿದು ಕೋಲಾರದ ನೆಲಕ್ಕಿಳಿಯುವ ಮುನ್ನ

ಕೋಲಾರ ಅಂದರೆ ಚಿನ್ನ. ಆದರೆ ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಅಡಗಿರುವ ಚಿನ್ನ ಯಾವ ಉಪಗ್ರಹದ ಕಣ್ಣಿಗೂ ಬೀಳದು. ಕಾಣುವುದು ಮೇಲ್ಮೈಯ ಖನಿಜಗಳಷ್ಟೇ. ಕಬ್ಬಿಣದ ಆಕ್ಸೈಡು 0.9 ಮೈಕ್ರಾನಿನ ಆಸುಪಾಸಿನ ಬೆಳಕನ್ನು ಹೀರುತ್ತದೆ, ಕೆಯೋಲಿನ್ ಜೇಡಿ 2.2ರ ಸುತ್ತ, ಆಂಫಿಬೋಲ್ 2.3ರ ಸುತ್ತ. ಈ ಸುಳಿವಿನಿಂದ ಬಣ್ಣ ತುಂಬಿದ ನಕ್ಷೆ ಬರೀ ಊಹೆ. ಅದನ್ನು ನಿಜ ಮಾಡುವುದು ಅಥವಾ ತಿದ್ದುವುದು ನೆಲದ ಮಾದರಿ.

ಚಿತ್ರ ಫೆಬ್ರವರಿಯಿಂದ ಏಪ್ರಿಲ್ ನಡುವಿನದಾದರೆ ಒಳ್ಳೆಯದು; ಹೊಲ ಬರಿದಾಗಿರುತ್ತದೆ. ಶ್ರೀನಿವಾಸಪುರದ ಮಾವಿನ ತೋಪು ಆಗಲೂ ಹಸಿರೇ, ಅಷ್ಟು ಭಾಗ ಮೊದಲೇ ಬಿಟ್ಟುಬಿಡಿ. ಖನಿಜ ಬೇರ್ಪಡಿಸಲು ಆಸ್ಟರ್ ಎಂಬ ಉಪಗ್ರಹ ಉಪಕರಣದ ಚಿತ್ರ ಉತ್ತಮ, ಆದರೆ ಅದರ ಕಿರುತರಂಗ ಅತಿಗೆಂಪು ಸಂವೇದಕ 2008ರಲ್ಲೇ ಕೆಟ್ಟಿತು. ಹಾಗಾಗಿ ಹಳೆಯ ಚಿತ್ರದಲ್ಲಿ ಆರಿಸಿದ ಜಾಗ ಇಂದು ಕ್ವಾರಿಯೋ ಬಡಾವಣೆಯೋ ಆಗಿದೆಯೇ ಎಂದು ಸೆಂಟಿನೆಲ್-2 ಉಪಗ್ರಹದ ಹೊಸ ಚಿತ್ರದಲ್ಲಿ ನೋಡಿಕೊಳ್ಳಬೇಕು.

ನೆಲದ ಮಾದರಿ ಏಕೆ ಬೇಕು ಎನ್ನುವುದಕ್ಕೆ ಮಾಲೂರನ್ನು ಗಮನಿಸಿ. ಹೆಂಚು, ಇಟ್ಟಿಗೆಯ ಕಾರ್ಖಾನೆಗಳ ಅಂಗಳ ಕಬ್ಬಿಣದ ಕೆಂಪನ್ನು ಜೋರಾಗಿ ತೋರಿಸುತ್ತದೆ. ಆದರೆ ಗೂಡಿನಲ್ಲಿ ಬೆಂದ ಜೇಡಿ ತನ್ನೊಳಗಿನ ಹೈಡ್ರಾಕ್ಸಿಲನ್ನು ಕಳೆದುಕೊಂಡಿರುತ್ತದೆ, ಅದರೊಂದಿಗೆ 2.2ರ ಗುರುತೂ ಹೋಗುತ್ತದೆ. ಪಕ್ಕದ ಹಸಿ ಜೇಡಿಯ ಗುಂಡಿಯಲ್ಲಿ ಆ ಗುರುತು ಉಳಿದಿರುತ್ತದೆ. ಎರಡೂ ಕಡೆಯಿಂದ ಮಾದರಿ ತಂದರೆ ಮಾತ್ರ ನಕ್ಷೆಗೆ ಕಲ್ಲಿಗೂ ಕಾರ್ಖಾನೆಗೂ ವ್ಯತ್ಯಾಸ ತಿಳಿಯುತ್ತದೆ.

ಜಾಗದ ಆಯ್ಕೆಯಲ್ಲೇ ಕೆಲಸ ಕೆಡುವುದು ಹೆಚ್ಚು. ಜೀಪು ನಿಂತಲ್ಲಿ ಸುತ್ತಿಗೆ ಬೀಸಿದರೆ ಸಿಗುವುದು ರಸ್ತೆ ಬದಿಯ ಭೂವಿಜ್ಞಾನ. ಮೊದಲು ಚಿತ್ರವನ್ನು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗದೊಳಗೆ ಲಾಟರಿಯಂತೆ ಬಿಂದುಗಳನ್ನು ಎತ್ತಬೇಕು. ‘ಇಲ್ಲಿ ಏನೂ ಇಲ್ಲ’ ಎಂದು ಚಿತ್ರ ಹೇಳುವ ವರ್ಗವೂ ಸೇರಲೇಬೇಕು: ಮುಳಬಾಗಿಲಿನ ಆವಣಿ ಸುತ್ತಲಿನ ಬೋಳು ಗ್ರಾನೈಟು ಅದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಸ್ಫಟಿಕ, ಫೆಲ್ಡ್‌ಸ್ಪಾರ್‌ಗಳಿಗೆ ಈ ತರಂಗಾಂತರಗಳಲ್ಲಿ ಸ್ಪಷ್ಟ ಗುರುತಿಲ್ಲ. ಕೆಜಿಎಫ್ (ಕೋಲಾರ ಚಿನ್ನದ ಗಣಿ) ಮೂಲಕ ಹಾದುಹೋಗುವ ಶಿಸ್ಟ್ ಪಟ್ಟಿ ಸುಮಾರು 80 ಕಿ.ಮೀ. ಉದ್ದ, ಅಗಲ ಕೆಲವೇ ಕಿ.ಮೀ. ಅದು ಉತ್ತರ-ದಕ್ಷಿಣವಾಗಿ ಚಾಚಿರುವುದರಿಂದ ನಡಿಗೆಯ ಗೆರೆ ಪೂರ್ವ-ಪಶ್ಚಿಮವಾಗಿ ಅಡ್ಡ ಹಾಯಬೇಕು, ಆಗ ನೈಸು, ಆಂಫಿಬೊಲೈಟು ಎಲ್ಲ ಒಂದೇ ದಾರಿಯಲ್ಲಿ ಸಿಗುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಾದ ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗೆ ಅನುಮತಿ ಇಲ್ಲದೆ ಕಾಲಿಡಬೇಡಿ.

ಬಿಂದು ಎಂದರೆ ಒಂದು ಕಲ್ಲಲ್ಲ. ಆಸ್ಟರ್‌ನ ಕಿರುತರಂಗ ಪಿಕ್ಸೆಲ್ 30 ಮೀಟರ್. ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಮೂರು ಪಿಕ್ಸೆಲ್ ಅಗಲದಷ್ಟು, ಅಂದರೆ 90 ಮೀಟರ್ ಚೌಕದ ಒಂದೇ ಬಗೆಯ ನೆಲ ಹುಡುಕಿ, ನಡುವಿನಿಂದಲೂ ನಾಲ್ಕು ಮೂಲೆಗಳಿಂದಲೂ ಚೂರು ತೆಗೆಯಿರಿ. ಬಿಸಿಲಿಗೆ ಮಾಗಿದ ಮುಖವನ್ನು ಉಜ್ಜಬೇಡಿ, ಉಪಗ್ರಹ ನೋಡಿದ್ದು ಅದನ್ನೇ. ರೋಹಿತ ಅಳೆಯುವುದು ಆ ಮುಖದಲ್ಲಿ. ಒಡೆದ ಹೊಸ ಮುಖ ಎಕ್ಸ್-ರೇ ವಿವರ್ತನೆಗೆ, ತೆಳುಛೇದಕ್ಕೆ.

ತಂದ ಮಾದರಿಗಳಲ್ಲಿ ಮೂರನೇ ಒಂದು ಭಾಗವನ್ನು ನಕ್ಷೆ ಮಾಡುವವರ ಕೈಗೆ ಕೊಡದೆ ಎತ್ತಿಡಿ. ನಕ್ಷೆ ಮುಗಿದ ಮೇಲೆ ಅವುಗಳಿಂದಲೇ ಪರೀಕ್ಷೆ ನಡೆಯಲಿ.