ಕತ್ತಿಯ ನಂತರ ಲಾಠಿ

ಮಟಮಟ ಮಧ್ಯಾಹ್ನ ಬಾಗಿಲಿಗೆ ಬಂದವರು ನೀರು ಕೇಳಿದರೆ ಜೊತೆಗೊಂದು ಚೂರು ಬೆಲ್ಲವನ್ನೂ ಕೊಡುವುದು ನಮ್ಮ ಮದ್ದೂರು, ಮಳವಳ್ಳಿ ಸೀಮೆಯ ವಾಡಿಕೆ. 2012ರಲ್ಲಿ ತೆರೆಕಂಡ ಶ್ರೀನಿವಾಸರಾಜು ನಿರ್ದೇಶನದ ‘ದಂಡುಪಾಳ್ಯ’ ಭಯವನ್ನು ತಂದಿಟ್ಟದ್ದು ಸರಿಯಾಗಿ ಆ ಹೊಸ್ತಿಲಿಗೇ. ಹೊಸಕೋಟೆ ಬಳಿಯ ಊರಿನ ಹೆಸರು ಹೊತ್ತ ತಂಡವೊಂದರ ಕೊಲೆ, ದರೋಡೆಗಳನ್ನು ಆಧರಿಸಿದ ಆ ಚಿತ್ರದಲ್ಲಿ, ನೀರು ಕೇಳಿ ಬಂದವರು ಒಳನುಗ್ಗಿ ಕುತ್ತಿಗೆ ಕೊಯ್ಯುತ್ತಾರೆ. ‘ಮುಂಗಾರು ಮಳೆ’ಯ ನಾಯಕಿ ಪೂಜಾ ಗಾಂಧಿ ಇಲ್ಲಿ ಕೊಲೆಗಡುಕಿ. ಚಿತ್ರ ಭರ್ಜರಿಯಾಗಿ ಓಡಿತು. ತೋಟದ ಒಂಟಿ ಮನೆಯವರು ಹಗಲಲ್ಲೂ ಅಗುಳಿ ಹಾಕತೊಡಗಿದರು.

ಇಂಥ ಚಿತ್ರದ ಎರಡನೇ ಭಾಗ ಮತ್ತೆ ಹೆದರಿಸುವುದಾದರೂ ಹೇಗೆ? ಒಂದೇ ಪ್ರಚೋದನೆ ಮರುಕಳಿಸಿದರೆ ನರಮಂಡಲ ಅದಕ್ಕೆ ಒಗ್ಗಿಹೋಗುತ್ತದೆ. ಎರಡನೇ ಪಟಾಕಿಗೆ ಮೊದಲಿನಷ್ಟು ಬೆಚ್ಚುವುದಿಲ್ಲ. ಹಾಲಿವುಡ್ಡಿಗೂ ಇದೇ ಫಜೀತಿ. 1978ರ ‘ಹ್ಯಾಲೋವೀನ್’ನಲ್ಲಿ ಮುಖವಾಡದ ಹಂತಕ ನಾಯಕಿಯ ಬೆನ್ನು ಹತ್ತುವುದಕ್ಕೆ ಕಾರಣವೇ ಇರಲಿಲ್ಲ, 1981ರ ಎರಡನೇ ಭಾಗ ಆಕೆ ಅವನ ತಂಗಿ ಎಂದುಬಿಟ್ಟಿತು. ಕಾರಣ ಸಿಕ್ಕಿತು, ಭಯ ಇಳಿಯಿತು.

2017ರ ಜುಲೈನಲ್ಲಿ ಬರೀ ‘2’ ಎಂಬ ಅಂಕಿಯನ್ನೇ ಹೆಸರಾಗಿಸಿಕೊಂಡು ಬಂದ ಮುಂದಿನ ಭಾಗ ಇನ್ನೂ ದೊಡ್ಡ ತಿರುವು ತೆಗೆದುಕೊಂಡಿತು. ಈಗ ಕತ್ತಿ ಕೆಳಗಿಳಿದು ಲಾಠಿ ಮೇಲೆದ್ದಿತು. ಶ್ರುತಿ ಹರಿಹರನ್ ವಹಿಸಿದ ಪತ್ರಕರ್ತೆಯ ಪಾತ್ರ, ಇವರು ನಿಜಕ್ಕೂ ಅಪರಾಧಿಗಳೇ ಎಂದು ಕೆದಕುತ್ತದೆ. ಠಾಣೆಯಲ್ಲಿ ರವಿಶಂಕರ್ ಅವರ ಇನ್ಸ್‌ಪೆಕ್ಟರ್ ಚಲಪತಿ ಬಾಯಿ ಬಿಡಿಸುತ್ತಾನೆ. ಅಭಿನಯವನ್ನು ಮೆಚ್ಚಿದವರಿದ್ದರು. ಆದರೆ ಕೊಲೆಗಾರರಿಗೆ ಕನಿಕರ ಗಿಟ್ಟಿಸುವ ಯತ್ನವಿದು, ಚಿತ್ರಹಿಂಸೆಯ ದೃಶ್ಯಗಳು ಮಿತಿ ಮೀರಿವೆ ಎಂಬ ಆಕ್ಷೇಪವೂ ಬಂತು.

ಆಕ್ಷೇಪದ ಮೊದಲರ್ಧವನ್ನು ನಾನು ಒಪ್ಪಲಾರೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದಿತ್ತು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಬೆತ್ತ ತೋರಿಸಿದರೆ ಇಡೀ ತರಗತಿ ‘ಅರ್ಥವಾಯಿತು ಸಾರ್’ ಎನ್ನುತ್ತದೆ, ಮೇಷ್ಟರುಗಳಿಗೆ ಇದು ಗೊತ್ತು! ಹೀಗಾಗಿ ಪತ್ರಕರ್ತೆಯ ಪ್ರಶ್ನೆ ನ್ಯಾಯವಾದದ್ದೇ. ತೊಡಕಿರುವುದು ಕ್ಯಾಮೆರಾದಲ್ಲಿ. ಮೊದಲ ಭಾಗದಲ್ಲಿ ಕತ್ತಿಯನ್ನು ಚಪ್ಪರಿಸಿ ತೋರಿಸಿದ ಅದು ಇಲ್ಲಿ ಲಾಠಿಯನ್ನೂ ಹಾಗೆಯೇ ಚಪ್ಪರಿಸುತ್ತದೆ. ಪೆಟ್ಟು ತಿಂದವರ ಬಗ್ಗೆ ನಮಗೆ ಮರುಕ ಹುಟ್ಟುವ ಮೊದಲೇ ದೃಶ್ಯದ ರಭಸ ಮೈಗೇರಿರುತ್ತದೆ. ಇನ್ನು ಕೊಲೆಯಾದವರು? ಅವರ ಮನೆಮಂದಿಯ ದುಃಖಕ್ಕೆ ಎರಡನೇ ಭಾಗದಲ್ಲಿ ಜಾಗವೇ ಕಡಿಮೆ. 2018ರಲ್ಲಿ ‘3’ ಕೂಡ ಬಂತು; ಅದರ ಮಾತು ಇಲ್ಲಿ ಬೇಡ.

ಕಬ್ಬು ಕಟಾವಿನ ಹಂಗಾಮಿನಲ್ಲಿ ಹೊರಜಿಲ್ಲೆಗಳಿಂದ ಸಂಸಾರ ಸಮೇತ ಬಂದು ಗದ್ದೆ ಬದಿಯಲ್ಲಿ ಗುಡಿಸಲು ಹಾಕುವ ಕೂಲಿಗಳನ್ನು ನಮ್ಮ ಹುಡುಗರು ‘ದಂಡುಪಾಳ್ಯದವರು’ ಎಂದು ಕರೆಯುವುದನ್ನು ಶಾಲೆಯ ಕಾಂಪೌಂಡಿನಲ್ಲೇ ಕೇಳಿದ್ದೇನೆ. ಮೊದಲ ಚಿತ್ರ ಅಂಟಿಸಿದ ಆ ಹೆಸರನ್ನು ಕೀಳುವ ಅವಕಾಶ ಎರಡನೆಯದಕ್ಕಿತ್ತು. ಕೀಳಲಿಲ್ಲ.