ಬ್ಯಾಗಲ್ಲಿದ್ದ ಕಲ್ಲು ಮತ್ತು ಬಾದ್‌ಷಾ ಖಾನ್

ಶನಿವಾರ ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ಮುಚ್ಚಿಟ್ಟು ನಮ್ಮ ಲೇಔಟ್ ಹಿಂದಿನ ಕೊಳೆಗೇರಿಯ ಮಕ್ಕಳಿಗೆ ಗಣಿತ ಹೇಳಿಕೊಡೋಕೆ ಹೋಗ್ತೀನಿ. ಎರಡು ವರ್ಷ ಆಯ್ತು. ಹೋದ ತಿಂಗಳು ಭಿನ್ನರಾಶಿ ಪಾಠದ ಮಧ್ಯೆ ಇಬ್ಬರು ಹುಡುಗರು ಹೊಡೆದಾಡಿಕೊಂಡರು. ಒಬ್ಬ ಮೇಲಿನ ಗಲ್ಲಿಯವನು, ಇನ್ನೊಬ್ಬ ಕೆಳಗಿನ ಗಲ್ಲಿಯವನು. ಕೆಳಗಿನ ಗಲ್ಲಿಯವನ ಬ್ಯಾಗಲ್ಲಿ ಕಲ್ಲಿತ್ತು. ಅಂದ್ರೆ ಮನೆಯಿಂದಲೇ ತಂದಿದ್ದ! ಕೇಳಿದರೆ, ‘ಅವರಪ್ಪ ನಮ್ಮಪ್ಪಂಗೆ ಹೊಡೆದಿದ್ದ ಸಾರ್’ ಅಂದ. ನೀರಿನ ಟ್ಯಾಂಕರ್ ಹತ್ತಿರ ಯಾವತ್ತೋ ಆದ ಜಗಳ. ಜಗಳ ಆಡಬಾರದು ಅಂತ ಐದು ನಿಮಿಷ ಭಾಷಣ ಬಿಗಿದೆ. ಮುಂದಿನ ವಾರ ಆ ಹುಡುಗ ಬರಲೇ ಇಲ್ಲ.

ಅಪ್ಪನ ಜಗಳ ಮಗನ ಬ್ಯಾಗಿಗೆ ಬಂದಿದ್ದು ನೋಡಿ ನಂಗೆ ನೆನಪಾಗಿದ್ದು ಬಾದ್‌ಷಾ ಖಾನ್. ಸ್ಕೂಲಲ್ಲಿ ‘ಗಡಿನಾಡ ಗಾಂಧಿ ಯಾರು?’ ಅನ್ನೋ ಒಂದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ವಲ್ಲ, ಅದೇ ಖಾನ್ ಅಬ್ದುಲ್ ಗಫಾರ್ ಖಾನ್.

ಅವರು ಹುಟ್ಟಿದ್ದು 1890ರಲ್ಲಿ, ಪೇಶಾವರದ ಹತ್ತಿರದ ಉತ್ಮಾನ್‌ಝೈನಲ್ಲಿ. ಅಲ್ಲಿನ ಪಠಾಣರಿಗೆ ‘ಬದಲ್’, ಅಂದರೆ ಸೇಡು, ಮರ್ಯಾದೆಯ ಪ್ರಶ್ನೆ. ಒಂದು ಕೊಲೆಯ ಲೆಕ್ಕ ತಲೆಮಾರುಗಳವರೆಗೆ ಎಳೀತಿತ್ತು. ಜೊತೆಗೆ ಬಡತನ, ಅನಕ್ಷರತೆ. 1910ರಲ್ಲಿ, ಬರೀ ಇಪ್ಪತ್ತರ ಹರೆಯದಲ್ಲಿ, ಅವರು ಊರಲ್ಲೇ ಶಾಲೆ ತೆರೆದರು. (ಆ ವಯಸ್ಸಿಗೆ ನಾನು ಮ್ಯಾಥ್ಸ್ ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ತಿದ್ದೆ, ಬಿಡಿ.) 1921ರಲ್ಲಿ ಆಜಾದ್ ಶಾಲೆ ಶುರುವಾಯ್ತು. ಆ ವರ್ಷದ ಕೊನೆಗೆ ಬ್ರಿಟಿಷರು ಅವರನ್ನು ಹಿಡಿದು ಮೂರು ವರ್ಷ ಜೈಲಿಗೆ ಹಾಕಿದರು.

ಅಕ್ಷರ ಕಲಿತರೆ ಮನುಷ್ಯ ತಾನಾಗೇ ಶಾಂತನಾಗ್ತಾನೆ ಅನ್ನೋದನ್ನ ನಾನಂತೂ ನಂಬಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಲ್ಲಿ ಎಲ್ಲರೂ ಡಿಗ್ರಿಯವರೇ, ಒಂದು ದಿನ ಓದಿ ನೋಡಿ! ಬಾದ್‌ಷಾ ಖಾನರೂ ಅಕ್ಷರಕ್ಕೇ ನಿಲ್ಲಿಸಲಿಲ್ಲ. 1929ರಲ್ಲಿ ಅವರು ಕಟ್ಟಿದ ‘ಖುದಾಯಿ ಖಿದ್ಮತ್‌ಗಾರ್’ ಸೇರುವವರು ಪ್ರಮಾಣ ಮಾಡಬೇಕಿತ್ತು: ಹಿಂಸೆ ಮಾಡಲ್ಲ, ಸೇಡು ತೀರಿಸಲ್ಲ, ದಿನಕ್ಕೆ ಕನಿಷ್ಠ ಎರಡು ಗಂಟೆ ಸಮಾಜದ ಕೆಲಸ ಮಾಡ್ತೀನಿ. ನಂಗೆ ಹಿಡಿಸಿದ್ದು ಆ ಎರಡು ಗಂಟೆ. ಭಾಷಣ ಕೇಳಿ ಯಾರೂ ಸೇಡು ಬಿಡಲ್ಲ. ಕೈಗೆ ಕೆಲಸ ಕೊಟ್ಟರೆ, ಪಕ್ಕದಲ್ಲಿ ಕೆಲಸ ಮಾಡ್ತಿರೋನು ಶತ್ರುವಿನ ಮೊಮ್ಮಗನೇ ಆದರೂ ಸ್ವಲ್ಪ ಹೊತ್ತು ಮರೆತುಹೋಗಬಹುದು.

1930ರ ಏಪ್ರಿಲ್ 23. ಬಾದ್‌ಷಾ ಖಾನರ ಬಂಧನ ವಿರೋಧಿಸಿ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಸೇರಿದ್ದ ಜನರ ಮೇಲೆ ಸೇನೆ ಗುಂಡು ಹಾರಿಸಿತು. ಬಂದೂಕು ಅಂದರೆ ಪ್ರಾಣ ಅನ್ನೋ ನಾಡಿನ ಜನ ತಿರುಗಿ ಬಂದೂಕು ಎತ್ತಲಿಲ್ಲ. ಗಢವಾಲ್ ರೈಫಲ್ಸ್‌ನ ಸೈನಿಕರು ಗುಂಡು ಹಾರಿಸಲ್ಲ ಅಂದುಬಿಟ್ಟರು.

ಕಥೆ ಅಲ್ಲಿಗೇ ಸುಖವಾಗಿ ಮುಗಿಯಲಿಲ್ಲ. 2016ರ ಜನವರಿ 20ರಂದು, ಅವರು ತೀರಿಕೊಂಡ ದಿನದಂದೇ, ಅವರ ಹೆಸರಿನ ವಿಶ್ವವಿದ್ಯಾಲಯಕ್ಕೆ ಉಗ್ರರು ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ನೂರು ವರ್ಷದ ಕೆಲಸ ವ್ಯರ್ಥವಾಯ್ತಾ? ಈ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತೆ.

ಎರಡು ಶನಿವಾರ ಕಾದು, ಮೂರನೇ ವಾರ ಹುಡುಗನ ಮನೆಗೇ ಹೋದೆ. ಅವನಮ್ಮ ಟೀ ಕೊಟ್ಟರು, ಅವನು ಮುಖ ತೋರಿಸಲಿಲ್ಲ. ಮುಂದಿನ ವಾರ ಮಾತ್ರ ಬಂದ. ಈ ಸಲ ಭಾಷಣ ಬಿಟ್ಟೆ. ದಾನವಾಗಿ ಬಂದ ನಲವತ್ತು ಕಥೆಪುಸ್ತಕಗಳಿಗೆ ಬೈಂಡ್ ಹಾಕುವ ಕೆಲಸವನ್ನು ಇಬ್ಬರಿಗೂ ಸೇರಿಸಿ ಕೊಟ್ಟೆ. ಕತ್ತರಿ ಒಂದೇ. ಅರ್ಧ ಗಂಟೆ ಮಾತಿಲ್ಲ, ಕತ್ತರಿಯನ್ನ ನೆಲದ ಮೇಲೆ ಜಾರಿಸಿ ದಾಟಿಸ್ತಿದ್ದರು. ಆಮೇಲೆ ‘ಏ, ಗಮ್ ಕೊಡೋ’ ಅಂತ ಕೇಳಿಸಿತು.

ಹನ್ನೊಂದು ಪುಸ್ತಕ ಆಗಿದೆ. ಇನ್ನೂ ಇಪ್ಪತ್ತೊಂಬತ್ತು ಬಾಕಿ.