ಮುದಿ ತೆಂಗಿನಮರದ ಊಟದ ಮೇಜು

ಬಿಳಿಗೆರೆ ಕಡೆ ತೋಟದಲ್ಲಿ ಕಾಯಿ ನಿಂತ ತೆಂಗಿನಮರ ಕಡಿದ್ರೆ ಏನ್ಮಾಡ್ತೀರಿ? ತೊಲೆ, ಜಂತೆ, ಇಲ್ಲ ಸೌದೆ. ಸ್ವಲ್ಪ ತಡೀರಿ, ಅದರಲ್ಲಿ ಆರು ಜನ ಕೂರೋ ಊಟದ ಮೇಜು ಮಾಡಬಹುದು. ಮನಿಲಾದಲ್ಲಿ ಇದೇ ಜಾತಿ ಮರ ಬಳಸಿ 1981ರಲ್ಲಿ ಒಂದು ಅರಮನೆಯನ್ನೇ ಕಟ್ಟಿ ಮುಗಿಸಿದ್ರು!

ಆದ್ರೆ ತೇಗ, ಹಲಸಿನ ಲೆಕ್ಕ ಇಲ್ಲಿ ನಡೆಯಲ್ಲ. ಅವುಗಳಲ್ಲಿ ಗಟ್ಟಿ ಚೇಗು ಒಳಗಿರುತ್ತೆ. ತೆಂಗಿನಲ್ಲಿ ಉಲ್ಟಾ. ನಡುವಿನ ತಿರುಳು ಮೆತ್ತಗೆ, ಹೊರಸುತ್ತು ಕಲ್ಲಿನಂಥ ಗಟ್ಟಿ. ಬುಡದಿಂದ ಮೇಲೆ ಹೋದಷ್ಟೂ ಮೆದು. ಹಾಗಾಗಿ 60 ವರ್ಷ ದಾಟಿದ ಮರ ನೋಡಿ, ಬುಡದ ಕಡೆಯ ಹೊರಸುತ್ತಿನ ಹಲಗೆ ಮಾತ್ರ ತಗೊಳ್ಳಿ.

ತೆಂಗಿನ ಹಲಗೆಯಲ್ಲಿರೋ ಕಪ್ಪು ನಾರಿನ ಎಳೆಗಳು ಗರಗಸದ ಹಲ್ಲನ್ನ ಬೇಗ ಮೊಂಡು ಮಾಡ್ತವೆ, ಕಾರ್ಬೈಡ್ ಹಲ್ಲಿನ ಬ್ಲೇಡೇ ಬೇಕು. ಕೊಯ್ದ ಹಸಿ ಹಲಗೆಯನ್ನ ತಕ್ಷಣ ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ನೀರಲ್ಲಿ ನೆನೆಸಿ. ಇಲ್ಲಾಂದ್ರೆ ಹುಳ ಬೀಳುತ್ತೆ. ಆಮೇಲೆ ನೆರಳಲ್ಲಿ, ನಡುನಡುವೆ ರೀಪರ್ ಕೊಟ್ಟು, ತಿಂಗಳುಗಟ್ಟಲೆ ಒಣಗಿಸಿ. ಇಲ್ಲಿ ಅವಸರ ಬೇಡವೇ ಬೇಡ, ಮೇಜು ಸೊಟ್ಟಗಾಗೋದು ಇಲ್ಲೇ.

ಅಗಲ ಹಲಗೆ ಸಿಗಲ್ಲ. ಕಿರಿ ಪಟ್ಟಿಗಳಿಗೆ ಅಂಟು ಹಚ್ಚಿ, ಕ್ಲಾಂಪ್ ಬಿಗಿದು ಜೋಡಿಸಿ. ಮೊಳೆ ಹೊಡೆದ್ರೆ ಸೀಳುತ್ತೆ. ಮೊದಲು ತೂತು ಕೊರೆದು ಸ್ಕ್ರೂ ಹಾಕಿ. ಕಾಲಿಗೆ ನನ್ನ ಆಯ್ಕೆ ಹಲಸು. ತೋಟದ ಬದುವಿನಲ್ಲೇ ಸಿಗುತ್ತೆ, ಕಚ್ಚು ಹೊಡೆದು ಕೂಡಿಸೋಕೂ ಚೆನ್ನ.

ಇನ್ನು ಫಿನಿಶಿಂಗ್. 80, 120, 220 ನಂಬರಿನ ಸ್ಯಾಂಡ್‌ಪೇಪರ್, ಇದೇ ಕ್ರಮದಲ್ಲಿ. ಮೆದು ಭಾಗ ಪಾಲಿಶ್ ಜಾಸ್ತಿ ಕುಡಿಯುತ್ತೆ, ಅದಕ್ಕೆ ಮೊದಲು ಸೀಲರ್. ಅದರ ಮೇಲೆ ತೆಳುವಾಗಿ ಮೂರು ಕೋಟ್ ಪಿಯು (ಪಾಲಿಯುರೆಥೇನ್) ಪಾಲಿಶ್. ಪೂರ್ತಿ ಗಟ್ಟಿಯಾಗೋಕೆ ಒಂದು ವಾರ ಬಿಡಿ, ಅಲ್ಲಿವರೆಗೆ ಬಿಸಿ ಪಾತ್ರೆ ಇಡಬೇಡಿ.